ಕಂಪ್ಯೂಟರ್ ಮಿಲ್ಲಿನಲ್ಲಿ ಲೋಗನಾಥನ್ ಮೇಸ್ತ್ರಿ

ಟ್ರಾಲಿ ತಮ್ಮನ್ನು ಬಿಟ್ಟು ಮಯಿಲ್‌ಸಾಮಿಯನ್ನು ಗುದ್ದಿತೆಂದು ರಾತ್ರಿ ಊಟ ಬಿಟ್ಟ ಮನುಷ್ಯರೊಬ್ಬರನ್ನು ನಾನು ಬಲ್ಲೆ. ಹೆಸರು ಲೋಗನಾಥನ್. ಸಿಂಗಾನಲ್ಲೂರಿನ ಆಚೆಗಿರುವ ನಮ್ಮ ನೂಲಿನ ಮಿಲ್ಲಿನಲ್ಲಿ ಮೇಸ್ತ್ರಿ. ಅದೇ ಮಿಲ್ಲಿನ ಆಫೀಸಿನಲ್ಲಿ ಕೂತಿರುವ ನನಗೆ ಅವರು ಹೇಳದ ವಿಷಯವಿಲ್ಲ. ಹೇಳಿದ್ದರಲ್ಲಿ ಮುಕ್ಕಾಲು ಪಾಲು ಮಯಿಲ್‌ಸಾಮಿಯ ವಿಷಯ.

ಲೋಗನಾಥನ್ ದೇವಾಂಗದವರು. ಅವರ ಹಿರಿಯರು ಯಾವ ಕಾಲದಲ್ಲಿ ಮೈಸೂರು ಸೀಮೆಯಿಂದ ಘಟ್ಟ ಇಳಿದರೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ತಂದೆಯವರೆಗೂ ಗುಂಡಿಮಗ್ಗ ಇತ್ತು. ಮಗ ಗುಂಡಿಯಿಂದ ಎದ್ದು ಮಿಲ್ಲಿಗೆ ಬಂದರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡದಲ್ಲಿ ದೇವರನ್ನು ಕರೆಯಬಲ್ಲರು, ಹೆಂಡತಿಯನ್ನು ಗದರಬಲ್ಲರು, ಆದರೆ ಕನ್ನಡ ಓದಲು ಬಾರದು. ನಾನು ಇದನ್ನು ಇಷ್ಟು ಧೈರ್ಯವಾಗಿ ಬರೆಯುತ್ತಿರುವುದಕ್ಕೆ ಅದೇ ಕಾರಣ.

ಮೇಸ್ತ್ರಿಯವರಿಗೆ ತಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯವಿದೆ. ಜಾತಿಯವರ ಮದುವೆಗಳಲ್ಲಿ ಮುಂದಿನ ಸಾಲಿನ ಕುರ್ಚಿ ಖಾಲಿ ಇಲ್ಲದಿದ್ದರೆ ಹಿಂದೆ ಕೂರುವುದಿಲ್ಲ, ಯಾರಾದರೂ ಏಳುವವರೆಗೆ ಪಕ್ಕದಲ್ಲಿ ನಿಂತೇ ಇರುತ್ತಾರೆ. ಫೋಟೋ ಎಂದರಂತೂ ಅವರಿಗೆ ಪೂಜೆಗೆ ಸಮ. ಚಿಕ್ಕಂದಿನಲ್ಲಿ ತಂದೆ ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದರಂತೆ. ಅಲ್ಲಿಯವನು ಅಲುಗಬೇಡ, ಉಸಿರು ಬಿಡಬೇಡ ಎಂದನಂತೆ. ಅಂದಿನಿಂದ ಕ್ಯಾಮೆರಾ ಎಂಬುದು ಎದುರಿಗೆ ಬಂದರೆ ಸಾಕು, ಕೈ ಎರಡನ್ನೂ ಹೊಟ್ಟೆಯ ಮೇಲೆ ಕಟ್ಟಿ, ಗದ್ದ ಎತ್ತಿ, ಕಲ್ಲಾಗುತ್ತಾರೆ. ಮದುವೆಯ ವಿಡಿಯೋದಲ್ಲಿ ಎಲ್ಲರೂ ಎಲೆಯ ಮುಂದೆ ಉಣ್ಣುತ್ತಿದ್ದರೆ ಇವರು ಮಾತ್ರ ಅನ್ನ ಕಲಸಿದ ಕೈಯನ್ನು ಹಾಗೇ ಹಿಡಿದು ಕ್ಯಾಮೆರಾ ದಾಟುವವರೆಗೆ ಕಾಯುತ್ತಾರೆ.

ಮಯಿಲ್‌ಸಾಮಿಯೂ ಇವರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಇವರು ಮೇಸ್ತ್ರಿಯಾದರು. ಅವನು ಬಾಬಿನ್ ತುಂಬಿದ ಟ್ರಾಲಿಯನ್ನು ನೂಲು ತೆಗೆಯುವ ಸ್ಪಿನ್ನಿಂಗ್ ಖಾತೆಯಿಂದ ಅದನ್ನು ಸುತ್ತುವ ಕೋನ್ ಖಾತೆಗೆ ತಳ್ಳುತ್ತಲೇ ಉಳಿದ. (ಬಹುವಚನ ಮೇಸ್ತ್ರಿಗಳಿಗೆ ಮಾತ್ರ ಎಂಬುದು ಮಿಲ್ಲಿನ ಕಾಯ್ದೆ, ನಾನು ಅಲ್ಲಿಯ ಸಂಬಳ ತಿನ್ನುವವನು.) ನ್ಯಾಯವಾಗಿ ಹೊಟ್ಟೆಯುರಿ ಕೆಳಗಿನಿಂದ ಮೇಲಕ್ಕೆ ಹೋಗಬೇಕಿತ್ತು. ಇಲ್ಲಿ ಮೇಲಿನಿಂದ ಕೆಳಕ್ಕೆ ಧಾರಾಳವಾಗಿ ಇಳಿಯುತ್ತಿತ್ತು. ಮಯಿಲ್‌ಸಾಮಿಯ ತಲೆಯಲ್ಲಿ ಇನ್ನೂ ಪೂರ್ತಿ ಕೂದಲಿದೆ. ಅವನ ಮನೆಯ ಬೋರ್‌ವೆಲ್ಲಿನಲ್ಲಿ ಮೊದಲನೇ ಸಲಕ್ಕೇ ನೀರು ಬಿತ್ತು. ಮೊದಲಾಳಿ, ಎಂದರೆ ನಮ್ಮ ಮಿಲ್ಲಿನ ಯಜಮಾನರು, ಖಾತೆಗೆ ಬಂದರೆ ಮೇಸ್ತ್ರಿಗೆ ತಲೆಯಾಡಿಸಿ, ಮಯಿಲ್‌ಸಾಮಿಯ ಬೆನ್ನು ತಟ್ಟುತ್ತಾರೆ. ಇದೆಲ್ಲಕ್ಕಿಂತ ಮೇಸ್ತ್ರಿಯನ್ನು ಸುಡುತ್ತಿದ್ದದ್ದು, ತನ್ನನ್ನು ಕಂಡು ಒಬ್ಬರು ಉರಿಯುತ್ತಿದ್ದಾರೆಂಬುದೇ ಮಯಿಲ್‌ಸಾಮಿಗೆ ಗೊತ್ತಿಲ್ಲದೆ ಇದ್ದದ್ದು.

ಹೀಗಿರುವಾಗ ದಾವಣಗೆರೆಯ ಹುಡುಗಿ ಪ್ರೇರಣಾ ಬಂದಳು. ಚಾಲಕನಿಲ್ಲದೆ ತಾನೇ ಓಡುವ ಟ್ರಾಲಿಗಳನ್ನು ಮಾಡುವ ಕಂಪನಿಯೊಂದರ ಇಂಜಿನಿಯರು. ಮೊದಲಾಳಿಯವರು ಎರಡು ಟ್ರಾಲಿಗಳನ್ನು ಪರೀಕ್ಷೆಗೆಂದು ಒಪ್ಪಿಕೊಂಡಿದ್ದರು. ಟ್ರಾಲಿ ತಳ್ಳುವವರನ್ನು ಪ್ಯಾಕಿಂಗಿಗೆ ಕಳಿಸುವುದೆಂದು ಮೊದಲೇ ಮಾತಾಗಿತ್ತು. ಹುಡುಗಿ ಕನ್ನಡದವಳೆಂದು ತಿಳಿದದ್ದೇ ಮೇಸ್ತ್ರಿ ಅವಳನ್ನು ತಮ್ಮ ಕಡೆಯವಳೆಂದು ಬರೆದುಕೊಂಡುಬಿಟ್ಟರು.

“ಟ್ರಾಲಿ ಎಲ್ಲಿ ಅಮ್ಮಿಣಿ? ಬರೀ ಕಂಪ್ಯೂಟರ್ ತಂದಿದ್ದಿ,” ಎಂದರು, ಊರಿನವರು ಹುಡುಗಿಯರನ್ನು ಅಕ್ಕರೆಯಿಂದ ಕರೆಯುವ ಹಾಗೆ.

“ಟ್ರಾಲಿ ಆಮೇಲೆ ಸರ್. ಮೊದಲು ಈ ಮಿಲ್ಲನ್ನೇ ಕಂಪ್ಯೂಟರ್ ಒಳಗೆ ಕಟ್ತೀವಿ. ಟ್ರಾಲಿ ಅದರೊಳಗೆ ಓಡಾಡಿ ಕಲಿಯುತ್ತೆ. ಇಲ್ಲಿ ಒಂದು ಸಲ ಗುದ್ದಿದರೆ ಕೇಸಾಗುತ್ತೆ. ಅಲ್ಲಿ ಎಷ್ಟು ಸಲ ಗುದ್ದಿದರೂ ಯಾರಿಗೂ ಏನೂ ಆಗಲ್ಲ. ಪ್ರತಿ ಸಲ ಗುದ್ದಿದಾಗಲೂ ಅದಕ್ಕೆ ಸ್ವಲ್ಪ ಬುದ್ಧಿ ಬರುತ್ತೆ.”

“ಗುದ್ದಾಕೆ ಆಳು ಬೇಕಲ್ಲಾ?”

“ಹೌದು, ಅದಕ್ಕೇ ಇಲ್ಲಿಯ ಜನರನ್ನೂ ಒಳಗೆ ಹಾಕ್ತೀವಿ.”

ಈ ಕೊನೆಯ ಮಾತು ಮೇಸ್ತ್ರಿಯ ಕಿವಿಯಲ್ಲಿ ನಿಂತುಬಿಟ್ಟಿತು. ಕಂಪ್ಯೂಟರ್ ಒಳಗೆ ಒಂದು ಮಿಲ್ಲು. ಧೂಳಿಲ್ಲ, ರಜೆಯಿಲ್ಲ, ನಿವೃತ್ತಿಯಿಲ್ಲ. ಒಳಗೆ ಹೋದವರು ಇದ್ದ ಹಾಗೇ ಇರುತ್ತಾರೆ. ಅಂಥ ಮಿಲ್ಲಿಗೆ ಒಬ್ಬರನ್ನು ಹಾಕುವುದಾದರೆ ಯಾರನ್ನು ಹಾಕಬೇಕೆಂದು ಕೇಳುವ ಅಗತ್ಯವೇ ಅವರಿಗೆ ಕಾಣಲಿಲ್ಲ. ಮಾರನೆಯ ದಿನ ಮೀಸೆಗೆ ಬಣ್ಣ ಹಾಕಿಕೊಂಡು ಬಂದರು.

ಪ್ರೇರಣಾ ಕೆಲವು ದಿನ ಬಾಗಿಲಲ್ಲಿ ನಿಂತು ಓಡಾಡುವವರನ್ನು ನೋಡಿದಳು. ಆಮೇಲೆ ಕೈಗೆ, ಕಾಲಿಗೆ, ಸೊಂಟಕ್ಕೆ ನಡಿಗೆಯನ್ನು ಕಂಪ್ಯೂಟರಿಗೆ ತಿಳಿಸುವ ಪುಟ್ಟ ಡಬ್ಬಿಗಳಿರುವ ಪಟ್ಟಿಗಳನ್ನು ಕಟ್ಟಿ ಮಯಿಲ್‌ಸಾಮಿಯನ್ನು ನಡೆಸಿದಳು.

ಮಯಿಲ್‌ಸಾಮಿ ನಡೆಯುವ ಬಗೆಯನ್ನು ಹೇಳಬೇಕು. ಅವನು ಹೊರಟ ಕಡೆ ಹೋಗುವುದಿಲ್ಲ. ನಾಲ್ಕು ಹೆಜ್ಜೆ ಹೋಗಿ ಏನೋ ನೆನಪಾಗಿ ನಿಲ್ಲುತ್ತಾನೆ. ಫೋನು ಬಂದರೆ ಹಿಂದಕ್ಕೆ ನಡೆಯುತ್ತಾನೆ. ಪರಿಚಯದವರು ಕಂಡರೆ ಮಿಷನ್ನುಗಳ ಸಂದಿಯಲ್ಲಿ ಅಡ್ಡ ನುಗ್ಗಿ ಅವರ ಹೆಗಲಿಗೆ ಕೈ ಹಾಕಿ, ಅವರು ಹೋಗುತ್ತಿದ್ದ ಕಡೆಗೇ ಹೊರಟುಬಿಡುತ್ತಾನೆ. ಅವನ ಹಿಂದೆ ಹೋಗುವವರು ಮಿಲ್ಲಿನಲ್ಲಿ ಯಾರೂ ಇಲ್ಲ.

“ಈ ಖಾತೆಯಲ್ಲಿ ಅತಿ ಕಷ್ಟದ ಮನುಷ್ಯ ಇವರೇ ಸರ್,” ಎಂದಳು ಪ್ರೇರಣಾ, ಖುಷಿಯಿಂದ. “ಇವರಿಂದ ತಪ್ಪಿಸಿಕೊಳ್ಳೋದು ಕಲಿತರೆ ಟ್ರಾಲಿ ಲೋಕದಲ್ಲಿ ಯಾರಿಂದ ಬೇಕಾದರೂ ತಪ್ಪಿಸಿಕೊಳ್ಳುತ್ತೆ.”

ಇದು ಹೊಗಳಿಕೆಯಲ್ಲ ಎಂಬುದು ನನಗೂ ನಿಮಗೂ ತಿಳಿಯುತ್ತದೆ. ಮೇಸ್ತ್ರಿಗೆ ಕೇಳಿಸಿದ್ದು ‘ಇವರೇ’ ಎಂಬ ಒಂದು ಮಾತು.

“ನನ್ನನ್ನೂ ಒಂದ್ಸಲ ನೋಡಮ್ಮಿಣಿ,” ಎಂದರು. ಅವಳಿಗೆ ಇಲ್ಲವೆನ್ನಲಾಗಲಿಲ್ಲ. ಪಟ್ಟಿ ಕಟ್ಟಿದಳು. ಮೇಸ್ತ್ರಿ, ನಡೆಯುವವರಿಗೆಂದು ನೆಲದಲ್ಲಿ ಹಾಕಿದ ಹಳದಿ ಗೆರೆಯ ಮೇಲೆ, ಎದೆ ಮುಂದೆ ಮಾಡಿ, ಈ ತುದಿಯಿಂದ ಆ ತುದಿಗೆ ಹೋದರು. ಮಿಲ್ಲಿನಲ್ಲಿ ಆ ಗೆರೆ ಹಾಕಿದ ಮೇಲೆ ಅದರ ಮೇಲೆ ನಡೆದ ಮೊದಲ ಮನುಷ್ಯ ಅವರೇ ಇರಬೇಕು.

“ತುಂಬಾ ಚೆನ್ನಾಗಿ ನಡೀತೀರಿ ಸರ್. ಆದರೆ ಮುಂದಿನ ಹೆಜ್ಜೆ ಎಲ್ಲಿ ಇಡ್ತೀರಿ ಅಂತ ಮೊದಲೇ ಗೊತ್ತಾಗಿಬಿಡುತ್ತೆ. ನಿಮ್ಮಿಂದ ಅದಕ್ಕೆ ಕಲಿಯೋಕೆ ಏನೂ ಇಲ್ಲ.”

ಮನೆಗೆ ಬಂದು ಹೆಂಡತಿ ವಿಜಯಮ್ಮನಿಗೆ ಇದನ್ನು ಬೇರೆ ರೀತಿ ಹೇಳಿದರು. “ನನ್ನ ನಡೆ ಅಷ್ಟು ಸುದ್ದ ಅಂತೆ. ಕಂಪ್ಯೂಟರಿಗೇ ಕಷ್ಟವಾಯ್ತಂತೆ.”

ವಿಜಯಮ್ಮ ರಾಗಿ ಕಳಿ, ಎಂದರೆ ಮುದ್ದೆ, ತಿರುವುತ್ತಿದ್ದವರು ಕೋಲು ನಿಲ್ಲಿಸಲಿಲ್ಲ. “ಅಂದ್ರೆ ನಿಮ್ಮನ್ನ ಬೇಡ ಅಂದ್ಲಾ?”

“ಬೇಡ ಅಂತ ಎಲ್ಲಿ ಅಂದೆ?”

“ಮತ್ತೆ ಯಾರನ್ನ ಬೇಕು ಅಂದ್ಲು?”

ಮೇಸ್ತ್ರಿ ಕಾಲು ತೊಳೆಯಲು ಎದ್ದರು. ವಿಜಯಮ್ಮ ಮೂವತ್ತು ವರ್ಷ ಸಂಸಾರ ಮಾಡಿದವರು. “ಓ, ಮಯಿಲ್‌ಸಾಮಿ,” ಎಂದರು.

ಒಂದು ದಿನ ಕ್ಯಾಂಟೀನಿನಲ್ಲಿ ಮಯಿಲ್‌ಸಾಮಿ ಟೀ ಲೋಟ ಹಿಡಿದು ಮೇಸ್ತ್ರಿಯ ಎದುರೇ ಬಂದು ಕೂತ. ದೇವಾಂಗದವರ ನಡುವೆ ಇದ್ದು ಇದ್ದು ಅವನಿಗೂ ಕನ್ನಡ ಅಂಟಿದೆ, ಒಂದೊಂದು ಮಾತಿನ ತುದಿಗೂ ಊರಿನ ಮರ್ಯಾದೆಯ ‘ಂಗ’ ಅಂಟಿಸುತ್ತಾನೆ.

“ನೆನ್ನೆ ಮೇಡಂ ತೋರಿಸಿದ್ರುಂಗ ಮೇಸ್ತ್ರಿ. ಒಂದು ಮಯಿಲ್‌ಸಾಮಿ ಅಲ್ಲ, ಖಾತೆ ತುಂಬಾ ನಾನೇ. ಟ್ರಾಲಿ ಬರುತ್ತೆ, ಡಮಾರ್ ಅಂತ ಹೊಡೆಯುತ್ತೆ, ಬೀಳ್ತೀನಿ. ತಿರುಗಾ ಎದ್ದು ನಿಂತ್ಕೊಳ್ತೀನಿಂಗ. ರಾತ್ರಿಯೆಲ್ಲಾ ಹೊಡೆದೈತೆ. ಸಾವಿರ ಸಲ, ಹತ್ತು ಸಾವಿರ ಸಲ, ಲೆಕ್ಕವಿಲ್ಲ ಅಂದ್ರು.”

“ನೋವಾಗಲಿಲ್ವಾ?” ಎಂದರು ಮೇಸ್ತ್ರಿ, ಆಸೆಯಿಂದ.

“ಒಳ್ಳೆ ನಿದ್ದೆ ಬಂತುಂಗ.”

ಆ ರಾತ್ರಿಯೇ ಅವರು ಊಟ ಬಿಟ್ಟದ್ದು. ನಾನು ಸಮಾಧಾನ ಹೇಳಲು ಹೋದೆ. “ಮೇಸ್ತ್ರೀ, ಗುದ್ದಿಸಿಕೊಳ್ಳುವುದು ಯಾವ ದೊಡ್ಡಸ್ತಿಕೆ?” ಎಂದೆ.

“ನಿಮಗೆ ಗೊತ್ತಾಗಲ್ಲ ಸಾರ್. ಈ ಖಾತೆಯಲ್ಲಿ ನಾನು ಮೇಸ್ತ್ರಿ. ನನ್ನನ್ನು ಒಂದ್ಸಲಾನೂ ಗುದ್ದಲಿಲ್ಲ,” ಎಂದು ಕಣ್ಣು ಒರೆಸಿಕೊಂಡರು.

ಅವಕಾಶ ತಾನಾಗಿ ಬಂದದ್ದು ಮಿಲ್ಲಿನ ವಾರದ ರಜೆಯ ದಿನ. ಅಲ್ಲಿಯವರೆಗೆ ಟ್ರಾಲಿ ಓಡಿದ್ದು ಅಂದಾಜಿನ ಮಿಲ್ಲಿನಲ್ಲಿ, ಕಂಪ್ಯೂಟರಿನಲ್ಲಿ ಸರಿಯಾದ ಮಿಲ್ಲು ಕಟ್ಟಲು ನಿಜವಾದ ಮಿಲ್ಲಿನ ಅಳತೆ ಬೇಕು. ಪ್ರೇರಣಾ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಒಂದು ಯಂತ್ರ ತಂದಿದ್ದಳು. ಅದರ ತಲೆ ತಾನೇ ನಿಧಾನವಾಗಿ ಸುತ್ತುತ್ತ, ಕಣ್ಣಿಗೆ ಕಾಣದ ಬೆಳಕು ಬಿಟ್ಟು, ಗೋಡೆ, ಕಂಬ, ಮಿಷನ್ನು ಎಲ್ಲವನ್ನೂ ಚುಕ್ಕೆ ಚುಕ್ಕೆಯಾಗಿ ಹಿಡಿಯುತ್ತದೆ. ಒಂದು ಜಾಗ ಮುಗಿದರೆ ಇನ್ನೊಂದು ಜಾಗ. ಖಾತೆಯ ಬೀಗದ ಕೈ ಮೇಸ್ತ್ರಿಯ ಬಳಿ ಇದ್ದದ್ದರಿಂದ ಅವರು ಬಾಗಿಲು ತೆಗೆಯಲು ಬಂದಿದ್ದರು: ಬಿಳಿ ಅಂಗಿ, ಬಿಳಿ ಪಂಚೆ, ಹಣೆಗೆ ವಿಭೂತಿ.

“ಇದು ಸುತ್ತುವಾಗ ಒಳಗೆ ಯಾರೂ ಇರಬಾರದು ಸರ್,” ಎಂದು ಹೇಳಿ ಪ್ರೇರಣಾ ಯಂತ್ರ ಹಚ್ಚಿ, ತಾನೇ ಅಡ್ಡ ಬರಬಾರದೆಂದು ಗೋಡೆಯ ಹಿಂದೆ ಹೋಗಿ ಕೂರುತ್ತಿದ್ದಳು.

‘ಯಾರೂ’ ಎಂದರೆ ಕೂಲಿಯಾಳುಗಳು ಎಂದು ಮೇಸ್ತ್ರಿ ಅರ್ಥ ಮಾಡಿಕೊಂಡರು. ಮೇಸ್ತ್ರಿ ಆ ಲೆಕ್ಕದಲ್ಲಿ ಬರುವುದಿಲ್ಲ. ಸ್ಟ್ಯಾಂಡಿದೆ, ಮೇಲೆ ಗಾಜಿನ ಕಣ್ಣಿದೆ. ಇದು ಕ್ಯಾಮೆರಾ ಅಲ್ಲದೆ ಇನ್ನೇನು? ಬೆಕ್ಕಿನಂತೆ ಹಿಂಬಾಗಿಲಿನಿಂದ ಒಳಗೆ ಬಂದು, ಯಂತ್ರದ ಎದುರು ಒಳ್ಳೆಯ ಜಾಗ ನೋಡಿ, ಹೊಟ್ಟೆಯ ಮೇಲೆ ಕೈ ಕಟ್ಟಿ, ಗದ್ದ ಎತ್ತಿ ನಿಂತರು. ಯಂತ್ರದ ತಲೆ ಪೂರ್ತಿ ಸುತ್ತುವವರೆಗೆ ಅಲುಗಲಿಲ್ಲ. ಅದು ಮುಗಿದ ಸದ್ದಾದರೆ ಹೊರಗೆ. ಮುಂದಿನ ಜಾಗದಲ್ಲಿ ಶುರುವಾದರೆ ಒಳಗೆ. ಏಳು ಕಡೆ ನಿಂತರು. ಮಯಿಲ್‌ಸಾಮಿಗೆ ಒಂದು ವೇಷವಾದರೆ ತಮಗೆ ಏಳು. ಆ ದಿನ ರಾತ್ರಿ ಕಳಿ ಎರಡು ಸಲ ಹಾಕಿಸಿಕೊಂಡರೆಂದು ವಿಜಯಮ್ಮ ಹೇಳಿದರು.

ಅವರು ನಿಂತದ್ದು ಪ್ರೇರಣಾಗೆ ಗೊತ್ತಾಗಲಿಲ್ಲ. ಚುಕ್ಕೆಗಳ ರಾಶಿಯನ್ನು ಅವಳು ಕೂತು ಒಂದೊಂದಾಗಿ ನೋಡುವುದಿಲ್ಲ. ಅದಕ್ಕೊಂದು ಕೃತಕ ಬುದ್ಧಿಯ ಸಾಫ್ಟ್‌ವೇರ್ ಇದೆ. ಇದು ಗೋಡೆ, ಇದು ಮಿಷನ್ನು, ಇದು ಕಂಬ ಎಂದು ಅದೇ ವಿಂಗಡಿಸಿ ಹೆಸರಿಡುತ್ತದೆ. ನಮ್ಮ ಮಿಲ್ಲಿನ ಕಂಬಗಳಿಗೆ ಆಳೆತ್ತರದವರೆಗೆ ಬಿಳಿ ಬಣ್ಣ ಹೊಡೆದಿದೆ. ಬಿಳಿಯದಾಗಿ, ನೆಟ್ಟಗೆ, ತುಸುವೂ ಅಲುಗದೆ ನಿಂತದ್ದನ್ನು ಕಂಡು ಆ ಬುದ್ಧಿ ಏನೆಂದುಕೊಳ್ಳಬೇಕೋ ಅದನ್ನೇ ಅಂದುಕೊಂಡಿತು. ಕಂಪ್ಯೂಟರ್ ಮಿಲ್ಲಿನಲ್ಲಿ ಏಳು ಕಂಬಗಳು ಹೆಚ್ಚಾದವು. ಆ ಕಂಬಗಳ ನಡುವೆ ಟ್ರಾಲಿ ಲಕ್ಷಗಟ್ಟಲೆ ಸಲ ಓಡಿ, ಮಯಿಲ್‌ಸಾಮಿಯನ್ನು ಗುದ್ದಿ ಗುದ್ದಿ, ಕೊನೆಗೆ ಗುದ್ದುವುದನ್ನು ಬಿಟ್ಟು ಜಾಣತನ ಕಲಿಯಿತು.

ನಿಜವಾದ ಟ್ರಾಲಿಗಳು ಬಂದ ದಿನ ಮೊದಲಾಳಿಯವರೇ ಹೂವಿನ ಹಾರ ಹಾಕಿದರು. ಮಯಿಲ್‌ಸಾಮಿ ಫೋನಿನಲ್ಲಿ ಮಾತಾಡುತ್ತ ಹಿಂದುಹಿಂದಕ್ಕೆ ನಡೆದು ಟ್ರಾಲಿಯ ಮುಂದೆಯೇ ಬಂದ. ಟ್ರಾಲಿ ನಿಂತು, ಅವನು ಮನಸ್ಸು ಬದಲಿಸುವುದನ್ನು ಕಾದು, ಪಕ್ಕದಿಂದ ಮೃದುವಾಗಿ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ತಟ್ಟಲಿಲ್ಲ.

ಆದರೆ ಅಲ್ಲಿಂದ ಮುಂದೆ ಟ್ರಾಲಿ ಖಾಲಿ ಜಾಗವೊಂದರ ಬಳಿ ವೇಗ ತಗ್ಗಿಸಿತು. ಮುಂದೆ ಏನೂ ಇಲ್ಲ. ಆದರೂ ದೊಡ್ಡದಾಗಿ ಸುತ್ತು ಹಾಕಿ ಹೋಯಿತು. ಇನ್ನೊಂದು ಕಡೆಯೂ ಹಾಗೇ. ಎದುರಿಗೆ ಏನೂ ಕಾಣದಿದ್ದರೂ ತನ್ನ ನಕ್ಷೆಯಲ್ಲಿ ಕಂಬ ಇದೆ ಎಂದ ಮೇಲೆ ಇದ್ದೇ ಇದೆ ಎಂದು ಅದರ ನಂಬಿಕೆ. ಕೋನ್ ಖಾತೆಗೆ ಬಾಬಿನ್ ತಲುಪುವುದು ತಡವಾಗತೊಡಗಿತು.

ಖಾತೆ ಗುಡಿಸುವ ಕಾಮಾಕ್ಷಿಯಮ್ಮನಿಗೆ ಕಾರಣ ಕೂಡಲೇ ತಿಳಿಯಿತು. “ಮಿಷನ್ನು ಪ್ರದಕ್ಷಿಣೆ ಹಾಕುತ್ತೆ ಅಂದ್ರೆ ಅಲ್ಲಿ ಯಾರೋ ನಿಂತವರೆ,” ಎಂದರು. ಮಾರನೆಯ ಬೆಳಿಗ್ಗೆ ಆ ಖಾಲಿ ಜಾಗದಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣಿತ್ತು. ಆಮೇಲೆ ಟ್ರಾಲಿ ಸುತ್ತು ಹಾಕುವ ಕಡೆಯೆಲ್ಲ ನಿಂಬೆಹಣ್ಣು ಬಂತು. ಇಂಥ ವಿಷಯದಲ್ಲಿ ಮುಂದಾಳತ್ವ ಬೇರೆಯವರಿಗೆ ಬಿಡುವವರಲ್ಲ ನಮ್ಮ ಮೇಸ್ತ್ರಿ. ಸ್ನಾನ ಮಾಡಿ ಬಂದು, ತಾವೇ ಕರ್ಪೂರ ಹಚ್ಚಿ, ಅಲ್ಲೆಲ್ಲ ಕಣ್ಣು ಮುಚ್ಚಿ ಕೈ ಮುಗಿದರು. ಏನು ಬೇಡಿಕೊಂಡಿರಿ ಎಂದು ಕೇಳಿದೆ. “ನನ್ನನ್ನೂ ನಾಲ್ಕು ಜನ ಗುರುತಿಸುವ ಹಾಗೆ ಮಾಡು ಅಂದೆ,” ಎಂದರು.

ವಾರ ಕಳೆದರೂ ಟ್ರಾಲಿ ನೆಟ್ಟಗಾಗಲಿಲ್ಲ. ಮೊದಲಾಳಿಯವರು ಪ್ರೇರಣಾಳನ್ನು ಕರೆಸಿ, ಭಕ್ತಿ ಮಾಡುವ ಟ್ರಾಲಿ ತಮಗೆ ಬೇಡ, ಸರಿಹೋಗದಿದ್ದರೆ ವಾಪಸ್ಸು ತೆಗೆದುಕೊಂಡು ಹೋಗಬೇಕೆಂದರು. ಅವಳು ರಾತ್ರಿ ನಿದ್ದೆಗೆಟ್ಟು ಹುಡುಕಿದಳು. ಮರುದಿನ ಆಫೀಸಿನ ಟಿವಿಗೆ ಕಂಪ್ಯೂಟರ್ ಜೋಡಿಸಿ ಎಲ್ಲರನ್ನೂ ಕರೆದಳು. ಮೊದಲಾಳಿ, ಮೇಸ್ತ್ರಿ, ಮಯಿಲ್‌ಸಾಮಿ, ಪೊರಕೆ ಹಿಡಿದೇ ಬಂದ ಕಾಮಾಕ್ಷಿಯಮ್ಮ, ಮೂಲೆಯಲ್ಲಿ ನಾನು.

“ನಿಜವಾದ ಮಿಲ್ಲಿನಲ್ಲಿ ಇಲ್ಲದ ಏಳು ಕಂಬ ನಕ್ಷೆಯಲ್ಲಿವೆ,” ಎಂದಳು. “ಸಾಫ್ಟ್‌ವೇರ್ ಕಂಬ ಅಂತ ಹೆಸರಿಟ್ಟದ್ದನ್ನು ತೆಗೆದು, ಕೆಳಗಿರುವ ಚುಕ್ಕೆಗಳನ್ನೇ ತೋರಿಸ್ತೀನಿ.”

ಟಿವಿಯ ಮೇಲಿನ ಕಂಬ ಕರಗಿತು. ಅದರ ಜಾಗದಲ್ಲಿ ಚುಕ್ಕೆಗಳು ಒಟ್ಟಾದವು. ಮೊದಲು ಭುಜ ಬಂತು, ಆಮೇಲೆ ಒಂದು ತಲೆ, ಆಮೇಲೆ ಪಂಚೆಯ ಮಡಿಕೆ, ನಡುವೆ ಧಾರಾಳವಾಗಿ ಮುಂದೆ ಬಂದ ಹೊಟ್ಟೆ, ಅದರ ಮೇಲೆ ಕಟ್ಟಿದ ಎರಡು ಕೈ. ಮುಖ ಮಾತ್ರ ಸ್ಪಷ್ಟವಿರಲಿಲ್ಲ. ಏಳೂ ಹಾಗೇ.

ಮೇಸ್ತ್ರಿಯ ಮುಖ ಬೂದಿಯಾಗಿತ್ತು. ಯಾರೋ ಒಬ್ಬ ಮೂಢ ಒಳಗೆ ನುಗ್ಗಿ ಲಕ್ಷಗಟ್ಟಲೆ ಓಟದ ಕೆಲಸ ಹಾಳು ಮಾಡಿದ್ದಾನೆಂಬುದು ಎಲ್ಲರಿಗೂ ಗೊತ್ತಾಯಿತು. ಯಾರೆಂಬುದು ಮಾತ್ರ ಗೊತ್ತಾಗಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಮೇಸ್ತ್ರಿ ಮುಚ್ಚಿಕೊಂಡೇ ಇದ್ದರು.

ಮಯಿಲ್‌ಸಾಮಿ ಟಿವಿಯ ಹತ್ತಿರ ಹೋಗಿ ಬಗ್ಗಿ ನೋಡಿದ. ಕಂಪ್ಯೂಟರಿನೊಳಗೆ ಮನುಷ್ಯ ಕಂಡರೆ ಅದು ತಾನೇ ಎಂದು ಅವನಿಗೆ ಅಷ್ಟು ಹೊತ್ತಿಗೆ ಅಭ್ಯಾಸವಾಗಿತ್ತು.

“ಇದೂ ನಾನೇಂಗ ಮೇಡಂ,” ಎಂದ.

ಮೊದಲಾಳಿ ನಕ್ಕು ಅವನ ಬೆನ್ನು ತಟ್ಟಿದರು. ಕಾಮಾಕ್ಷಿಯಮ್ಮ ಪೊರಕೆ ಕೆಳಗಿಟ್ಟು, “ಅಡ ಪಾವಿ, ಇಷ್ಟು ದಿನ ನಿನಗಾ ನಿಂಬೆಹಣ್ಣು ಇಟ್ಟಿದ್ದು?” ಎಂದರು. ಪ್ರೇರಣಾ ಕೂಡ ಅವನ ಕಡೆ ನೋಡಿ ಸಣ್ಣಗೆ ನಕ್ಕಳು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಯಾರಿಂದಲೂ ಆಗುವುದಿಲ್ಲ.

ಮೇಸ್ತ್ರಿಯನ್ನು ನಾನು ನೋಡುತ್ತಿದ್ದೆ. ತಪ್ಪು ಬೇರೆಯವನ ತಲೆಗೆ ಹೋಯಿತು, ಅವನು ಅದನ್ನು ಸಂತೋಷವಾಗಿ ಹೊತ್ತುಕೊಂಡೂ ಆಯಿತು. ಯಾವ ಜಾಣನಾದರೂ ಮನೆಗೆ ಹೋಗಿ ಮಲಗುತ್ತಿದ್ದ. ಆದರೆ ಏಳು ಜಾಗ, ಏಳು ನಿಲುವು, ಉಸಿರು ಕಟ್ಟಿ ನಿಂತ ಅಷ್ಟು ಹೊತ್ತು, ಟ್ರಾಲಿಯ ಪ್ರದಕ್ಷಿಣೆ, ಕರ್ಪೂರ, ಎಲ್ಲವೂ ಒಂದೇ ಮಾತಿನಲ್ಲಿ ಮಯಿಲ್‌ಸಾಮಿಯ ಪಾಲಾಗುತ್ತಿತ್ತು. ಮೇಸ್ತ್ರಿ ಮುಂದೆ ಬಂದರು.

“ಅವನಲ್ಲ,” ಎಂದರು. “ಅದು ನಾನು.”

“ನೀವಾ ಸರ್?”

“ಆ ಹೊಟ್ಟೆ ನೋಡಮ್ಮಿಣಿ. ಅವನಿಗೆ ಎಲ್ಲೈತೆ ಅಷ್ಟು ಹೊಟ್ಟೆ?”

ಮಯಿಲ್‌ಸಾಮಿ ತನ್ನ ಹೊಟ್ಟೆ ನೋಡಿಕೊಂಡ. ಸಂದೇಹ ಉಳಿಯಬಾರದೆಂದು ಮೇಸ್ತ್ರಿ ಟಿವಿಯ ಪಕ್ಕಕ್ಕೆ ಹೋಗಿ, ಕೈ ಕಟ್ಟಿ, ಗದ್ದ ಎತ್ತಿ, ಉಸಿರು ಬಿಗಿಹಿಡಿದು ನಿಂತರು. ಮೊದಲಾಳಿ ಒಮ್ಮೆ ಚುಕ್ಕೆಗಳನ್ನು, ಒಮ್ಮೆ ಮೇಸ್ತ್ರಿಯನ್ನು ನೋಡಿದರು. ಆಮೇಲೆ ಕರವಸ್ತ್ರ ತೆಗೆದು ಬಾಯಿಗೆ ಅಡ್ಡ ಹಿಡಿದು ಹೊರಗೆ ಹೋದರು. ಹೊರಗಿನಿಂದ ಅವರ ಕೆಮ್ಮು ಬಹಳ ಹೊತ್ತು ಕೇಳಿಸಿತು.

“ಎರಡು ತಿಂಗಳ ಕೆಲಸ ಸರ್,” ಎಂದಳು ಪ್ರೇರಣಾ. ದನಿ ಏರಿಸಲಿಲ್ಲ. “ನಿಮ್ಮನ್ನು ತೆಗೆದು ಟ್ರಾಲಿಗೆ ಮೊದಲಿನಿಂದ ಕಲಿಸಬೇಕು.”

“ತೆಗೀಬೇಕಾ?”

“ತೆಗೀಲೇಬೇಕು.”

ಅವಳು ಒಂದು ಬಟನ್ ಒತ್ತಿದಳು. ಬಾಗಿಲ ಬಳಿಯ ಮೇಸ್ತ್ರಿ ಅಳಿಸಿಹೋದರು. ಇನ್ನೊಂದು ಸಲ ಒತ್ತಿದಳು, ಮಿಷನ್ನಿನ ಪಕ್ಕದವರು ಹೋದರು. ಕುರ್ಚಿಯ ಬೆನ್ನು ಹಿಡಿದುಕೊಂಡು ಮೇಸ್ತ್ರಿ ತಾವು ಒಬ್ಬೊಬ್ಬರಾಗಿ ಹೋಗುವುದನ್ನು ನೋಡಿದರು. ಕೊನೆಗೆ ಸ್ಟೋರ್ ರೂಮಿನ ಮೂಲೆಯಲ್ಲಿ ನಿಂತವರು ಒಬ್ಬರು ಉಳಿದರು.

ಮಯಿಲ್‌ಸಾಮಿಗೆ ತಡೆಯಲಾಗಲಿಲ್ಲ. “ಮೇಡಂ, ಅದೊಂದು ಇರಲಿ ಬಿಡುಂಗ. ಆ ಮೂಲೆಗೆ ಟ್ರಾಲಿ ಹೋಗೋದೇ ಇಲ್ಲ. ಪಾವಂ, ಮೇಸ್ತ್ರಿ ಆಸೆಪಟ್ಟು ನಿಂತವರೆ. ನಾನು ಹೇಳ್ತೀನಲ್ಲಾ.”

ಪ್ರೇರಣಾ ನಕ್ಷೆ ನೋಡಿದಳು. ಅವಳ ಸಿಟ್ಟು ಅಷ್ಟರಲ್ಲಿ ಇಳಿದಿತ್ತು. “ಹೌದು, ಅಲ್ಲಿ ದಾರಿಯಿಲ್ಲ. ಇದ್ದರೂ ತೊಂದರೆ ಇಲ್ಲ. ಇವರು ಹೇಳ್ತಿದ್ದಾರೆ ಅಂತ ಬಿಡ್ತೀನಿ ಸರ್. ಬಿಡಲಾ?”

ಮೇಸ್ತ್ರಿ ಟಿವಿಯ ಕಡೆ ನೋಡಿದರು. ಮೂಲೆಯಲ್ಲಿ ನಿಂತ ಚುಕ್ಕೆಗಳ ಮನುಷ್ಯ ಗದ್ದ ಎತ್ತಿ, ನಿವೃತ್ತಿಯಿಲ್ಲದ ಮಿಲ್ಲಿನಲ್ಲಿ ನೆಟ್ಟಗೆ ನಿಂತಿದ್ದ. ತುಟಿ ಅಲುಗಿತು, ಬಿಡು ಎನ್ನುವುದು ಬಾಯಿಯ ತುದಿಗೆ ಬಂದಿತ್ತೆಂದು ನಾನು ಆಣೆ ಮಾಡಬಲ್ಲೆ. ಆಗ ಮಯಿಲ್‌ಸಾಮಿ ಅವರ ಹೆಗಲ ಮೇಲೆ ಕೈ ಇಟ್ಟು, ಪ್ರೀತಿಯಿಂದ ತಲೆಯಾಡಿಸಿದ.

ಮೇಸ್ತ್ರಿ ಆ ಕೈಯನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟರು.

“ಅಳಿಸಮ್ಮಿಣಿ. ಇವನ ಸಿಫಾರಸಿನ ಮೇಲೆ ನಾನು ಎಲ್ಲೂ ನಿಲ್ಲಲ್ಲ.”

ಅವಳು ಒತ್ತಿದಳು. ಮೂಲೆ ಖಾಲಿಯಾಯಿತು. ಮಯಿಲ್‌ಸಾಮಿ ಛೇ ಎಂದ, ಮನಸ್ಸಿನಿಂದ ಬೇಜಾರಾಗಿ. ಮೇಸ್ತ್ರಿ ಅದನ್ನೂ ಕ್ಷಮಿಸಲಿಲ್ಲ.